ಮನೆಯೊಳಗಿನ ಶಿಶುವಿಹಾರಕ್ಕೆ ಊರಿನ ಅಪ್ಪಣೆ

ನೆರೆಮನೆಯ ಮಗುವನ್ನು ಹಗಲು ಹೊತ್ತು ನೋಡಿಕೊಳ್ಳುವುದಕ್ಕೆ ಊರಾಡಳಿತದ ಅನುಮತಿ ಬೇಕೆ? ನಮ್ಮ ತಾಯಂದಿರ ಕಾಲದಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿದ್ದರೆ ಕೇಳಿದವರನ್ನೇ ಜನ ವಿಚಿತ್ರವಾಗಿ ನೋಡುತ್ತಿದ್ದರು. ವಠಾರದ ಒಂದು ಮನೆಯ ಮಗು ಇನ್ನೊಂದು ಮನೆಯ ಜಗುಲಿಯಲ್ಲಿ ಆಡಿ, ಮೂರನೆಯ ಮನೆಯಲ್ಲಿ ಉಂಡು, ಸಿಕ್ಕಿದ ಚಾಪೆಯ ಮೇಲೆ ನಿದ್ದೆ ಹೋಗುತ್ತಿತ್ತು. ಅದಕ್ಕೆ ಶುಲ್ಕವಿರಲಿಲ್ಲ, ರಸೀದಿಯಿರಲಿಲ್ಲ, ಅರ್ಜಿಯಂತೂ ಇರಲೇ ಇಲ್ಲ.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಮಾತು ಬೇರೆ. ಗಂಡ ಹೆಂಡಿರಿಬ್ಬರೂ ಬೆಳಗ್ಗೆ ಒಂಬತ್ತಕ್ಕೆ ಮನೆ ಬಿಡಬೇಕು. ಅಜ್ಜಿ ಇರುವುದು ಶಿವಮೊಗ್ಗದಲ್ಲೋ ಧಾರವಾಡದಲ್ಲೋ. ಹೀಗಿರಲು ಎರಡು ಮನೆ ಆಚೆಗಿರುವ ಗೃಹಿಣಿಯೊಬ್ಬರು ತಿಂಗಳಿಗಿಷ್ಟು ಎಂದು ಗೊತ್ತುಮಾಡಿಕೊಂಡು ಮಗುವನ್ನು ನೋಡಿಕೊಳ್ಳುತ್ತಾರೆ. ಒಂದು ಮಗು ಎರಡಾಗುತ್ತದೆ, ಎರಡು ಐದಾಗುತ್ತದೆ. ಮುಂಬಯಿ, ಪುಣೆಗಳಲ್ಲಿ ಇದನ್ನು ಪಾಳಣಾಘರವೆನ್ನುತ್ತಾರೆ. ಇಲ್ಲಿ ದೆಹಲಿಯಲ್ಲಿ ಕ್ರೆಶ್ ಎನ್ನುತ್ತಾರೆ. ಹೆಸರು ಏನೇ ಇರಲಿ, ಒಂದು ಗಳಿಗೆಯಲ್ಲಿ ಕಾನೂನು ಬಾಗಿಲಿಗೆ ಬಂದು ಕೇಳುತ್ತದೆ: ಇದು ಮನೆಯೋ, ವ್ಯಾಪಾರದ ಸ್ಥಳವೋ?

ಈ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ ನೂರು ವರ್ಷಗಳಿಗೂ ಹೆಚ್ಚು ಕಾಲ ತೆಗೆದುಕೊಂಡಿತು. ನಮ್ಮವರ ಮಕ್ಕಳು ಅನೇಕರು ಅಲ್ಲಿ ನೆಲೆಸಿದ್ದಾರೆ. ಬಾಣಂತನಕ್ಕೆಂದು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿಬಂದ ಹಿರಿಯರು ನಮ್ಮ ನಡುವೆ ಕಡಿಮೆಯಿಲ್ಲ. ಅಜ್ಜಿ ವಿಮಾನ ಹತ್ತಿದ ಮೇಲೆ ಮೊಮ್ಮಗು ಯಾವ ಮನೆಗೆ ಹೋಯಿತು ಎಂದು ವಿಚಾರಿಸಿದರೆ, ಅದೇ ಓಣಿಯ ಯಾವುದೋ ಒಂದು ಸಾಮಾನ್ಯ ಮನೆ ಎಂಬ ಉತ್ತರ ಬರುವುದುಂಟು. ಆ ಸಾಮಾನ್ಯ ಮನೆಗೆ ಮಕ್ಕಳನ್ನು ಸೇರಿಸಿಕೊಳ್ಳುವ ಹಕ್ಕು ಹೇಗೆ ಬಂತೆಂಬ ಕಥೆ ತಿಳಿಯತಕ್ಕದ್ದು. ಅದರ ಒಂದು ಕವಲು ದೆಹಲಿಯವರೆಗೂ ಹರಿದುಬಂದಿದೆ.

ಮೊದಲು ಝೋನಿಂಗ್ ಎಂಬ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಊರಿನ ನಕ್ಷೆಯನ್ನು ಮುಂದಿಟ್ಟುಕೊಂಡು, ಈ ಭಾಗ ವಸತಿಗೆ, ಈ ಭಾಗ ಅಂಗಡಿಗಳಿಗೆ, ಈ ಭಾಗ ಕಾರ್ಖಾನೆಗಳಿಗೆ ಎಂದು ಗೆರೆ ಎಳೆಯುವುದೇ ಝೋನಿಂಗ್. ಅಮೆರಿಕದ ನಕ್ಷೆಗಳಲ್ಲಿ ಸಾಮಾನ್ಯವಾಗಿ ವಸತಿಗೆ ಹಳದಿ, ವ್ಯಾಪಾರಕ್ಕೆ ಕೆಂಪು, ಕೈಗಾರಿಕೆಗೆ ನೇರಳೆ ಬಣ್ಣ ಬಳಿಯುತ್ತಾರೆ. ಹಳದಿ ಭಾಗದಲ್ಲಿ ನಿಮ್ಮ ಮನೆಯಿದ್ದರೆ ಅಲ್ಲಿ ವಾಸ ಮಾಡಬಹುದು. ಹಿಟ್ಟಿನ ಗಿರಣಿ ಇಡುವಂತಿಲ್ಲ. ಕೇಳಲು ನ್ಯಾಯವಾಗಿಯೇ ಇದೆ. ಗಿರಣಿಯ ಪಕ್ಕದಲ್ಲಿ ಮಲಗಿದವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಆದರೆ ಕ್ಯಾಲಿಫೋರ್ನಿಯದಲ್ಲಿ ಈ ಗೆರೆಗಳ ಹುಟ್ಟು ಅಷ್ಟು ನಿರ್ಮಲವಾದುದಲ್ಲ. 1885ರಲ್ಲಿ ಮೊಡೆಸ್ಟೊ ಎಂಬ ಊರಿನವರು ಒಂದು ನಿಯಮ ಮಾಡಿದರು: ಬಟ್ಟೆ ಒಗೆಯುವ ಲಾಂಡ್ರಿಗಳು ರೈಲು ಹಳಿಯ ಪಶ್ಚಿಮಕ್ಕೆ, ಜಿ ಬೀದಿಯ ದಕ್ಷಿಣಕ್ಕೆ ಮಾತ್ರ ಇರತಕ್ಕದ್ದು. ಲಾಂಡ್ರಿ ಎಂದರೆ ಆ ಕಾಲದಲ್ಲಿ ಬಹುಮಟ್ಟಿಗೆ ಚೀನಾದಿಂದ ಬಂದು ನೆಲೆಸಿದವರ ಕಸುಬು. ನಿಯಮದಲ್ಲಿ ಚೀನೀಯರ ಹೆಸರಿರಲಿಲ್ಲ, ಒಗೆಯುವ ಬಟ್ಟೆಯ ಹೆಸರು ಮಾತ್ರ ಇತ್ತು. ಆದರೂ ಯಾರನ್ನು ಹಳಿಯಾಚೆಗೆ ಅಟ್ಟುತ್ತಿದ್ದಾರೆಂಬುದು ಊರಿಗೆಲ್ಲ ಗೊತ್ತಿತ್ತು. ಅಮೆರಿಕದ ಝೋನಿಂಗ್ ಇತಿಹಾಸವನ್ನು ಬರೆಯುವವರು ಈ ನಿಯಮವನ್ನು ಅದರ ಮೊಳಕೆಗಳಲ್ಲಿ ಒಂದೆಂದು ಗುರುತಿಸುತ್ತಾರೆ.

ಅದೇ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಇನ್ನೊಂದು ಬಗೆಯ ನಿಯಮವಿತ್ತು. ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸುವವರು ನಗರದ ಮೇಲ್ವಿಚಾರಕರ ಮಂಡಳಿಯ ಒಪ್ಪಿಗೆ ಪಡೆಯಬೇಕು ಎಂದು 1880ರಲ್ಲಿ ಗೊತ್ತುಮಾಡಿದ್ದರು. ಬೆಂಕಿಯ ಭಯ ಅದಕ್ಕೆ ಕೊಟ್ಟ ಕಾರಣ. ಒಪ್ಪಿಗೆಯನ್ನು ಯಾವ ಆಧಾರದ ಮೇಲೆ ಕೊಡಬೇಕು, ಯಾವ ಆಧಾರದ ಮೇಲೆ ನಿರಾಕರಿಸಬೇಕು ಎಂಬುದನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಪರಿಣಾಮವೇನಾಯಿತು? ಸುಮಾರು ಇನ್ನೂರು ಚೀನೀಯರ ಅರ್ಜಿಗಳು ಒಂದೂ ಬಿಡದೆ ತಿರಸ್ಕೃತವಾದುವು. ಇತರರ ಅರ್ಜಿಗಳು ಒಂದನ್ನು ಬಿಟ್ಟು ಎಲ್ಲವೂ ಮಂಜೂರಾದುವು. ಯಿಕ್ ವೊ ಎಂಬ ಹೆಸರಿನ ಮೊಕದ್ದಮೆಯಲ್ಲಿ 1886ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, ನಿಯಮದ ಮಾತು ಎಲ್ಲರಿಗೂ ಸಮನಾಗಿ ಕಂಡರೂ ಅದನ್ನು ನಡೆಸುವ ಕೈ ಅಸಮವಾಗಿದ್ದರೆ ಅದು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು.

ಕಚೇರಿಯಲ್ಲಿ ಫೈಲು ಹಿಡಿದು ಕೂತವರಿಗೆ ಈ ತೀರ್ಪಿನ ಮರ್ಮ ಬೇಗ ತಿಳಿಯುತ್ತದೆ. ಅರ್ಜಿಗಳಲ್ಲಿ ಎರಡು ಬಗೆ. ಗೊತ್ತಾದ ಷರತ್ತುಗಳು ಪೂರೈಸಿದರೆ ಕೊಡಲೇಬೇಕಾದ ಮಂಜೂರಾತಿ ಒಂದು; ಅಧಿಕಾರಿಯ ವಿವೇಚನೆಗೆ ಬಿಟ್ಟ ಮಂಜೂರಾತಿ ಇನ್ನೊಂದು. ಮೊದಲನೆಯದರಲ್ಲಿ ಅರ್ಜಿಯ ಕಾಗದವನ್ನು ನೋಡುತ್ತಾರೆ, ಎರಡನೆಯದರಲ್ಲಿ ಅರ್ಜಿದಾರನ ಮುಖವನ್ನೂ ನೋಡುತ್ತಾರೆ. ಮನೆಯೊಳಗಿನ ಶಿಶುವಿಹಾರದ ಚರಿತ್ರೆಯೆಲ್ಲ ಈ ಎರಡನೆಯ ಬಗೆಯಿಂದ ಮೊದಲನೆಯ ಬಗೆಗೆ ಸಾಗಿಬಂದ ದಾರಿ ಎಂದರೆ ತಪ್ಪಾಗಲಾರದು.

ಮುಂದೆ ಗೆರೆ ಎಳೆಯುವ ಕೆಲಸ ಭರದಿಂದ ನಡೆಯಿತು. 1908ರಲ್ಲಿ ಲಾಸ್ ಏಂಜಲೀಸ್ ನಗರ ವಸತಿ ವಲಯಗಳನ್ನು ಗುರುತಿಸಿತು. 1916ರಲ್ಲಿ ನ್ಯೂಯಾರ್ಕ್ ನಗರ ತನ್ನ ಇಡೀ ಪ್ರದೇಶಕ್ಕೆ ಅನ್ವಯಿಸುವ ಝೋನಿಂಗ್ ನಿಯಮವನ್ನು ಮಾಡಿತು. ಅದೇ 1916ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ನಗರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲವು ಬಡಾವಣೆಗಳಲ್ಲಿ ಒಂದು ನಿವೇಶನಕ್ಕೆ ಒಂದೇ ಕುಟುಂಬದ ಮನೆ ಎಂಬ ಕಟ್ಟಳೆ ತಂದಿತು. ಕೊನೆಗೆ ಇದೆಲ್ಲ ಸಂವಿಧಾನಬದ್ಧವೇ ಎಂಬ ಪ್ರಶ್ನೆ ಓಹಾಯೊ ರಾಜ್ಯದ ಯೂಕ್ಲಿಡ್ ಎಂಬ ಪುಟ್ಟ ಊರಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 68 ಎಕರೆ ಜಮೀನಿದ್ದ ಆಂಬ್ಲರ್ ಎಂಬ ಕಂಪನಿ ಊರಿನ ನಿಯಮವನ್ನು ಪ್ರಶ್ನಿಸಿತ್ತು. 1926ರ ನವೆಂಬರ್ 22ರಂದು ಆರು ನ್ಯಾಯಾಧೀಶರು ಊರಿನ ಪರವಾಗಿಯೂ ಮೂವರು ವಿರುದ್ಧವಾಗಿಯೂ ನಿಂತು, ಝೋನಿಂಗ್ ಗೆದ್ದಿತು. ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್‌ಲೆಂಡ್ ಅವರು ಬಿಡಿಮನೆಗಳ ನಡುವೆ ಏಳುವ ವಠಾರದಂಥ ಬಹುಮಹಡಿ ಕಟ್ಟಡವನ್ನು ಪರೋಪಜೀವಿಗೆ ಹೋಲಿಸಿದ್ದು ಪ್ರಸಿದ್ಧವಾಗಿದೆ. ವಠಾರದಲ್ಲೇ ಬೆಳೆದ ನಮಗೆ ಈ ಹೋಲಿಕೆ ಅಷ್ಟಾಗಿ ರುಚಿಸಲಾರದು.

ಈ ಏರ್ಪಾಟಿನ ಹಿಂದೆ ಒಂದು ಸಂಸಾರದ ಚಿತ್ರವಿತ್ತು. ಗಂಡ ಬೆಳಗ್ಗೆ ಹಳದಿ ಭಾಗದಿಂದ ಹೊರಟು ಕೆಂಪು ಭಾಗಕ್ಕೋ ನೇರಳೆ ಭಾಗಕ್ಕೋ ಹೋಗಿ ದುಡಿಯುತ್ತಾನೆ. ಹೆಂಡತಿ ಹಳದಿ ಭಾಗದಲ್ಲೇ ಉಳಿದು ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಸಂಜೆ ಗಂಡ ಮರಳುತ್ತಾನೆ. ಹೆಂಡತಿಯೂ ಬೆಳಗ್ಗೆ ಹೊರಟರೆ ಮಗು ಎಲ್ಲಿರಬೇಕು ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಯಾವ ಬಣ್ಣವೂ ಇರಲಿಲ್ಲ.

ದುಡಿಯುವ ತಾಯಂದಿರ ಮಕ್ಕಳಿಗೆ ಜಾಗ ಬೇಕೆಂಬ ಅರಿವು ಆ ಹೊತ್ತಿಗೆ ಹೊಸದೇನೂ ಆಗಿರಲಿಲ್ಲ. ಪ್ಯಾರಿಸ್ ನಗರದಲ್ಲಿ ಫಿರ್ಮಾ ಮಾರ್ಬೊ ಎಂಬ ವಕೀಲರು 1844ರಲ್ಲೇ ಕೂಸುಗಳಿಗಾಗಿ ಒಂದು ಹಗಲುಮನೆ ತೆರೆದಿದ್ದರು. ಕ್ರೆಶ್ ಎಂಬ ಮಾತು ಲೋಕಕ್ಕೆಲ್ಲ ಹಬ್ಬಿದ್ದು ಆ ಫ್ರೆಂಚ್ ಮೂಲದಿಂದ. ಅದರ ಅರ್ಥ ದನದ ಗೋದಲಿ. ಏಸುವಿನ ಕೂಸನ್ನು ಮಲಗಿಸಿದ್ದು ಗೋದಲಿಯಲ್ಲಿ ಎಂಬ ಕಥೆಯ ನೆನಪು ಅದರಲ್ಲಿದೆ. ಆದರೆ ಅಮೆರಿಕದಲ್ಲಿ ಇಂಥ ಸ್ಥಳಗಳು ಬಹುಕಾಲ ಬಡವರಿಗಾಗಿ ನಡೆಸುವ ಧರ್ಮಕಾರ್ಯಗಳಾಗಿಯೇ ಉಳಿದುವು.

ಎರಡನೆಯ ಮಹಾಯುದ್ಧ ಇದನ್ನು ಬದಲಾಯಿಸಿತು. ಕ್ಯಾಲಿಫೋರ್ನಿಯದ ರಿಚ್‌ಮಂಡ್ ಎಂಬಲ್ಲಿ ಹೆನ್ರಿ ಕೈಸರ್ ಅವರ ನಾಲ್ಕು ಹಡಗುಕಟ್ಟೆಗಳು ಯುದ್ಧಕಾಲದಲ್ಲಿ 747 ಹಡಗುಗಳನ್ನು ಕಟ್ಟಿದುವು. ಬೆಸುಗೆ ಹಾಕುವ ಕೆಲಸಕ್ಕೆ ಸಾವಿರಾರು ಹೆಂಗಸರು ಬಂದರು. ಅವರ ಮಕ್ಕಳಿಗಾಗಿ ಅಲ್ಲಿ ಶಿಶುಕೇಂದ್ರಗಳು ತೆರೆದುವು. ಲ್ಯಾನ್‌ಹ್ಯಾಮ್ ಕಾಯಿದೆ ಎಂಬ ಯುದ್ಧಕಾಲದ ಶಾಸನದ ಹಣದಿಂದ ದೇಶದಾದ್ಯಂತ ಇಂಥ ಕೇಂದ್ರಗಳು ನಡೆದು, ಲಕ್ಷಾಂತರ ಮಕ್ಕಳು ಅವುಗಳಲ್ಲಿ ಬೆಳೆದರು. ಯುದ್ಧ ಮುಗಿಯಿತು, 1946ರಲ್ಲಿ ಕೇಂದ್ರದ ಹಣ ನಿಂತಿತು, ದೇಶದ ಬಹುಪಾಲು ಕಡೆ ಕೇಂದ್ರಗಳು ಮುಚ್ಚಿದುವು. ಕ್ಯಾಲಿಫೋರ್ನಿಯ ಮಾತ್ರ ರಾಜ್ಯದ ಬೊಕ್ಕಸದಿಂದಲೇ ಹಣ ಕೊಟ್ಟು ಅವನ್ನು ಉಳಿಸಿಕೊಂಡ ಕೆಲವೇ ಕಡೆಗಳಲ್ಲಿ ಒಂದಾಯಿತು. ತಾಯಂದಿರ ಒತ್ತಾಯ ಅದಕ್ಕೆ ಮುಖ್ಯ ಕಾರಣ.

ಇಡೀ ದೇಶಕ್ಕೆ ಅನ್ವಯಿಸುವ ಶಿಶುಪಾಲನೆಯ ಮಸೂದೆಯೊಂದನ್ನು ಅಮೆರಿಕದ ಸಂಸತ್ತು 1971ರಲ್ಲಿ ಒಪ್ಪಿತು. ಆದರೆ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅದೇ ವರ್ಷ ಡಿಸೆಂಬರ್ 9ರಂದು ಅದನ್ನು ತಡೆಹಿಡಿದರು. ಮಕ್ಕಳನ್ನು ಬೆಳೆಸುವುದು ಕುಟುಂಬದ ಕೆಲಸ, ಅದನ್ನು ಸಾಮೂಹಿಕ ವ್ಯವಸ್ಥೆಗೆ ಒಪ್ಪಿಸಬಾರದು ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಸ್ವಾರಸ್ಯವೆಂದರೆ ತಾಯಂದಿರು ಕೆಲಸಕ್ಕೆ ಹೋಗುವುದು ಅದರಿಂದ ನಿಲ್ಲಲಿಲ್ಲ. ಸರ್ಕಾರ ಕಟ್ಟಿಸದಿದ್ದ ಕೇಂದ್ರಗಳ ಬದಲು ಸಾಮಾನ್ಯ ಗೃಹಿಣಿಯರ ಮನೆಯ ಹಜಾರಗಳು ತುಂಬಿದುವು. ಹೀಗೆ ಮಗು ಕುಟುಂಬದಲ್ಲೇ ಉಳಿಯಿತು. ಆದರೆ ಅದು ಪಕ್ಕದ ಮನೆಯ ಕುಟುಂಬ!

ಝೋನಿಂಗ್ ಅಧಿಕಾರಿ ಬಾಗಿಲು ತಟ್ಟಿದ್ದು ಈ ಹಂತದಲ್ಲಿ. ಹಳದಿ ಭಾಗದಲ್ಲಿ ಶುಲ್ಕ ತೆಗೆದುಕೊಂಡು ಏನು ಮಾಡಿದರೂ ವ್ಯಾಪಾರವೇ ಎಂದು ಅನೇಕ ನಗರಗಳು ವಾದಿಸಿದುವು. ನೆರೆಯವರ ದೂರುಗಳು ಬಂದುವು: ಕಾರುಗಳು ನಿಲ್ಲುತ್ತವೆ, ಮಕ್ಕಳು ಕೂಗುತ್ತಾರೆ, ನಮ್ಮ ಮನೆಯ ಬೆಲೆ ಇಳಿಯುತ್ತದೆ. ನಿವೇಶನ ಮಾರುವಾಗಲೇ ಕ್ರಯಪತ್ರದಲ್ಲಿ ವಸತಿಗೆ ಹೊರತು ಬೇರಾವುದಕ್ಕೂ ಬಳಸತಕ್ಕದ್ದಲ್ಲ ಎಂದು ಬರೆಸಿಕೊಂಡ ಬಡಾವಣೆಗಳೂ ಇದ್ದುವು.

1980ರ ದಶಕದ ಮೊದಲರ್ಧದಲ್ಲಿ ಕ್ಯಾಲಿಫೋರ್ನಿಯದ ಶಾಸನಸಭೆ ಇದಕ್ಕೆ ಒಂದು ದಾರಿ ಹುಡುಕಿತು. ಮನೆಯೊಳಗಿನ ಶಿಶುವಿಹಾರಗಳನ್ನು ಅದು ಸಣ್ಣವು, ದೊಡ್ಡವು ಎಂದು ವಿಂಗಡಿಸಿತು. ಸಣ್ಣದರಲ್ಲಿ ಮೊದಲಿಗೆ 6 ಮಕ್ಕಳು. ಮುಂದೆ ಕೆಲವು ಷರತ್ತುಗಳ ಮೇಲೆ 8ರವರೆಗೆ. ದೊಡ್ಡದರಲ್ಲಿ ಮೊದಲಿಗೆ 12. ಮುಂದೆ 14ರವರೆಗೆ, ಆದರೆ ಕೈಕೆಳಗೆ ಒಬ್ಬ ಸಹಾಯಕಿ ಇರಲೇಬೇಕು. ನಡೆಸುವಾಕೆಯ ಸ್ವಂತ ಮಕ್ಕಳಲ್ಲಿ 10 ವರ್ಷಕ್ಕಿಂತ ಚಿಕ್ಕವರೂ ಈ ಲೆಕ್ಕದೊಳಗೇ ಸೇರುತ್ತಾರೆ. ತನ್ನ ಮಕ್ಕಳ ಜೊತೆಗೆ ಬೇರೆ ಒಂದೇ ಒಂದು ಕುಟುಂಬದ ಮಕ್ಕಳನ್ನು ನೋಡಿಕೊಳ್ಳುವವರಿಗೆ ಯಾವ ಪರವಾನಗಿಯೂ ಬೇಡ.

ಈ ಶಾಸನದ ಜೀವಾಳ ಸಣ್ಣ ಶಿಶುವಿಹಾರದ ಬಗ್ಗೆ ಹೇಳಿದ ಮಾತಿನಲ್ಲಿತ್ತು: ಅದು ವಸತಿಯೇ. ಝೋನಿಂಗ್ ದೃಷ್ಟಿಯಲ್ಲಿ ಆ ಮನೆಗೂ ಪಕ್ಕದ ಮನೆಗೂ ಭೇದವಿಲ್ಲ. ನಗರಸಭೆ ಅದಕ್ಕೆ ಪ್ರತ್ಯೇಕ ಪರ್ಮಿಟ್ ಕೇಳುವಂತಿಲ್ಲ. ಕ್ರಯಪತ್ರದ ನಿರ್ಬಂಧವೂ ನಡೆಯುವುದಿಲ್ಲ. ಮಕ್ಕಳು ಸಹಜವಾದ ಮನೆಯ ವಾತಾವರಣದಲ್ಲಿ ಬೆಳೆಯಬೇಕು ಎಂಬ ತತ್ತ್ವವನ್ನು ಶಾಸನವೇ ಆಧಾರವಾಗಿಟ್ಟುಕೊಂಡಿತು. ನಿಕ್ಸನ್ ಕುಟುಂಬದ ಹೆಸರಿನಲ್ಲಿ ಬೇಡವೆಂದಿದ್ದನ್ನು ಕ್ಯಾಲಿಫೋರ್ನಿಯ ಕುಟುಂಬದ ಹೆಸರಿನಲ್ಲೇ ಬೇಕೆಂದಿತು.

ದೊಡ್ಡ ಶಿಶುವಿಹಾರದ ವಿಷಯದಲ್ಲಿ ಮಾತ್ರ ಶಾಸನಸಭೆ ರಾಜಿ ಮಾಡಿಕೊಂಡಿತು. ನಗರಗಳ ಮುಂದೆ ಮೂರು ದಾರಿಗಳನ್ನಿಟ್ಟಿತು. ದೊಡ್ಡದನ್ನೂ ವಸತಿಯೆಂದೇ ಒಪ್ಪಬಹುದು. ವಿವೇಚನೆಗೆ ಎಡೆಯಿಲ್ಲದ ಸರಳ ಪರ್ಮಿಟ್ ಕೊಡಬಹುದು. ಅಥವಾ ಅರ್ಜಿ ತರಿಸಿಕೊಂಡು ಪರಿಶೀಲಿಸಬಹುದು. ಮೂರನೆಯ ದಾರಿ ಹಿಡಿದ ಊರುಗಳಲ್ಲಿ ನಡೆಯುತ್ತಿದ್ದುದು ಹೀಗೆ.

ನಡೆಸಬಯಸುವಾಕೆ ನಗರದ ಯೋಜನಾ ಕಚೇರಿಗೆ ಅರ್ಜಿ ಕೊಡಬೇಕು. ಶುಲ್ಕ ಕಟ್ಟಬೇಕು, ಅದು ಪರಿಶೀಲನೆಯ ವೆಚ್ಚವನ್ನು ಮೀರಬಾರದು. ತೀರ್ಮಾನಕ್ಕೆ ಕನಿಷ್ಠ 10 ದಿನ ಮೊದಲು, ಮನೆಯ ಎಲ್ಲೆಯಿಂದ 100 ಅಡಿ ಸುತ್ತಳತೆಯೊಳಗೆ ಆಸ್ತಿಯುಳ್ಳ ಎಲ್ಲರಿಗೂ ಕಚೇರಿ ನೋಟೀಸು ಕಳಿಸಬೇಕು. ಅರ್ಜಿದಾರಳಾಗಲಿ, ಬಾಧೆಗೊಳಗಾಗುವ ಬೇರೆಯವರಾಗಲಿ ಕೇಳಿದರೆ ಮಾತ್ರ ವಿಚಾರಣೆ. ಪರಿಶೀಲಿಸಬಹುದಾದ ಸಂಗತಿಗಳೂ ಗೊತ್ತಾಗಿದ್ದುವು: ಇಂಥ ಎರಡು ಮನೆಗಳ ನಡುವಿನ ಅಂತರ, ವಾಹನಗಳ ಓಡಾಟ, ಅವನ್ನು ನಿಲ್ಲಿಸುವ ಸ್ಥಳ, ಸದ್ದು. ಸದ್ದಿನ ಮಾನದಂಡ ಹಾಕುವಾಗ ಮಕ್ಕಳೆಂದ ಮೇಲೆ ಆಗುವ ಸದ್ದನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು ಶಾಸನದಲ್ಲೇ ಬರೆದಿತ್ತು. ಆ ಒಂದು ವಾಕ್ಯವನ್ನು ಸೇರಿಸಿದವರು ಮನೆಯಲ್ಲಿ ಮಕ್ಕಳನ್ನು ಕಂಡವರೇ ಇರಬೇಕು.

ಈ ನಿಯಮಗಳ ಲೆಕ್ಕವನ್ನು ಕೊಂಚ ನೋಡೋಣ. ನಮಗೆ ಪರಿಚಿತವಾದ 50×100 ಅಡಿಯ ನಿವೇಶನವೊಂದನ್ನು ತೆಗೆದುಕೊಳ್ಳಿ. ಅದರ ಸುತ್ತ 100 ಅಡಿ ಎಂದರೆ ಸುಮಾರು 61,400 ಚದರಡಿ. ಅದರಲ್ಲಿ ರಸ್ತೆಗೆ ಕಾಲುಭಾಗ ಕಳೆದರೆ ಉಳಿಯುವ ಜಾಗದಲ್ಲಿ ಅಂಥವೇ ಒಂಬತ್ತು ನಿವೇಶನಗಳು. ಅರೆಬರೆ ಒಳಬರುವುವನ್ನೂ ಸೇರಿಸಿದರೆ ಒಂದು ಡಜನ್. ಹದಿನಾಲ್ಕು ಮಕ್ಕಳಿಗಾಗಿ ಹನ್ನೆರಡು ಮನೆಗಳವರ ಮರ್ಜಿ ಎಂದಾಯಿತು. ವಾಹನಗಳ ಲೆಕ್ಕ: ಹದಿನಾಲ್ಕು ಮಕ್ಕಳೂ ಬೇರೆ ಬೇರೆ ಕಾರುಗಳಲ್ಲಿ ಒಂದೇ ಗಂಟೆಯೊಳಗೆ ಬಂದರೂ ನಾಲ್ಕು ನಿಮಿಷಕ್ಕೊಂದು ಕಾರು. ಸದ್ದಿನ ಲೆಕ್ಕ ಇನ್ನೂ ಕುತೂಹಲಕರ. ಭೌತಶಾಸ್ತ್ರ ಓದಿದವರಿಗೆ ತಿಳಿದಂತೆ, ಒಂದೇ ಬಗೆಯ ಸದ್ದಿನ ಮೂಲಗಳು ಎರಡರಷ್ಟಾದರೆ ಸದ್ದಿನ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಏಳು ಮಕ್ಕಳು ಹದಿನಾಲ್ಕಾದರೆ ಕಿವಿಗೆ ಸದ್ದು ಇಮ್ಮಡಿಯಾಗುವುದಿಲ್ಲ. ತುಸು ಹೆಚ್ಚಾದಂತೆ ಕಾಣುತ್ತದೆ, ಅಷ್ಟೆ.

ಆದರೆ ನೆರೆಯವರ ಅಸಮಾಧಾನವನ್ನು ಡೆಸಿಬೆಲ್ಲಿನಿಂದ ಅಳೆಯಲಾಗುವುದಿಲ್ಲವಲ್ಲ! ಷರತ್ತುಗಳು ಪೂರೈಸಿದರೆ ಪರ್ಮಿಟ್ ಕೊಡಬೇಕೆಂದು ಶಾಸನ ಹೇಳಿದ್ದರೂ, ವಿಚಾರಣೆಯೆಂದ ಮೇಲೆ ಹತ್ತು ಜನರ ಮುಂದೆ ನಿಂತು ಉತ್ತರ ಹೇಳಬೇಕು. ನಡೆಸಬಯಸುವಾಕೆಗೆ ಇಂಗ್ಲಿಷ್ ಎರಡನೆಯ ಭಾಷೆಯಾಗಿದ್ದರೆ, ಬಾಡಿಗೆಮನೆಯಲ್ಲಿದ್ದರೆ, ಓಣಿಗೆ ಹೊಸಬಳಾಗಿದ್ದರೆ, ನೋಟೀಸು ಎಂಬ ಮಾತೇ ಸಾಕು, ಅರ್ಜಿಯ ಯೋಚನೆಯನ್ನೇ ಬಿಟ್ಟುಬಿಡುತ್ತಾಳೆ. ಪರಭಾಷೆಯ ಊರಿನಲ್ಲಿ ಸರ್ಕಾರಿ ಕಿಟಕಿಯ ಮುಂದೆ ನಿಂತ ನಮಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. 1880ರ ಲಾಂಡ್ರಿ ನಿಯಮಕ್ಕೂ ಈ ನಿಯಮಕ್ಕೂ ಅಜಗಜಾಂತರವಿದೆ, ಒಪ್ಪತಕ್ಕದ್ದೇ. ಆದರೂ ಕಾಗದದ ಜೊತೆಗೆ ಮುಖವನ್ನೂ ನೋಡುವ ಸಂದರ್ಭ ಇಲ್ಲಿಯೂ ಒಂದಿಷ್ಟು ಉಳಿದುಕೊಂಡಿತ್ತು.

ಆ ಒಂದಿಷ್ಟನ್ನು ತೆಗೆದುಹಾಕಿದ್ದು 2019ರ ಶಾಸನ. ಸೆನೆಟ್ ಮಸೂದೆ 234 ಎಂಬ ಅದನ್ನು ಮಂಡಿಸಿದವರು ಸೆನೆಟರ್ ನ್ಯಾನ್ಸಿ ಸ್ಕಿನ್ನರ್. ಒಂದೇ ಕುಟುಂಬದ ಮನೆಯೆಂಬ ಕಟ್ಟಳೆಯನ್ನು 1916ರಲ್ಲಿ ತಂದ ಬರ್ಕ್ಲಿಯೂ, ಹಡಗುಕಟ್ಟೆಗಳ ರಿಚ್‌ಮಂಡ್ ಕೂಡ ಅವರ ಕ್ಷೇತ್ರಕ್ಕೆ ಸೇರಿದ್ದುವೆಂಬುದು ಇತಿಹಾಸದ ಒಂದು ಸೊಗಸಾದ ಯೋಗಾಯೋಗ. ಗವರ್ನರ್ ಗ್ಯಾವಿನ್ ನ್ಯೂಸಮ್ ಸೆಪ್ಟೆಂಬರ್ ತಿಂಗಳಲ್ಲಿ ಅದಕ್ಕೆ ಸಹಿ ಹಾಕಿದರು. 2020ರ ಜನವರಿ 1ರಿಂದ ಅದು ಜಾರಿಗೆ ಬಂತು. ಅದರ ಸಾರ ಇಷ್ಟು: ಸಣ್ಣದಿರಲಿ, ದೊಡ್ಡದಿರಲಿ, ಪರವಾನಗಿಯುಳ್ಳ ಮನೆ ಶಿಶುವಿಹಾರ ವಸತಿಯೇ. ನಗರ ಅದಕ್ಕೆ ಝೋನಿಂಗ್ ಪರ್ಮಿಟ್ ಕೇಳುವಂತಿಲ್ಲ, ವ್ಯಾಪಾರದ ಲೈಸೆನ್ಸ್ ಶುಲ್ಕ ಹಾಕುವಂತಿಲ್ಲ. ಬಿಡಿಮನೆಗೆ ಮಾತ್ರವಲ್ಲದೆ ಬಹುಮಹಡಿ ಕಟ್ಟಡದ ಬಾಡಿಗೆಮನೆಗೂ ಈ ರಕ್ಷಣೆ ಉಂಟು. ಬಾಡಿಗೆದಾರಳು ಮನೆಯೊಡೆಯನಿಗೆ 30 ದಿನ ಮುಂಚಿತವಾಗಿ ಲಿಖಿತ ತಿಳಿವಳಿಕೆ ಕೊಡಬೇಕು. 1926ರಲ್ಲಿ ಪರೋಪಜೀವಿ ಎನಿಸಿಕೊಂಡ ವಠಾರಕ್ಕೂ ಕೊನೆಗೆ ಮರ್ಯಾದೆ ಬಂತೆನ್ನಬಹುದು.

ಹಾಗಾದರೆ ಯಾರು ಬೇಕಾದರೂ ಹೇಗೆ ಬೇಕಾದರೂ ನಡೆಸಬಹುದೇ ಎಂಬ ಸಂದೇಹ ಬರಬಹುದು. ಹಾಗಲ್ಲ. ಪರವಾನಗಿ ಕೊಡುವುದು ರಾಜ್ಯದ ಸಮಾಜಸೇವಾ ಇಲಾಖೆ. ಮನೆಯಲ್ಲಿರುವ ವಯಸ್ಕರೆಲ್ಲರ ಬೆರಳಚ್ಚು ತೆಗೆದು ಅವರ ಪೂರ್ವಾಪರ ವಿಚಾರಿಸುತ್ತಾರೆ. ಕ್ಷಯರೋಗವಿಲ್ಲವೆಂಬ ದೃಢೀಕರಣ ಬೇಕು. ಪ್ರಥಮ ಚಿಕಿತ್ಸೆಯ ತರಬೇತಿ ಆಗಿರಬೇಕು. ಬೆಂಕಿ ಆರಿಸುವ ಸಾಧನ, ಹೊಗೆ ಕಂಡರೆ ಕೂಗುವ ಯಂತ್ರ ಇರಬೇಕು. ದೊಡ್ಡ ಶಿಶುವಿಹಾರಕ್ಕೆ ಅಗ್ನಿಶಾಮಕದವರ ಒಪ್ಪಿಗೆಯೂ ಬೇಕು. ಈಜುಕೊಳವಿದ್ದರೆ ಅದರ ಸುತ್ತ ಕನಿಷ್ಠ 5 ಅಡಿ ಎತ್ತರದ ಬೇಲಿ. ಇಲಾಖೆಯವರು ಮನೆಗೆ ಬಂದು ನೋಡಿಕೊಂಡೇ ಪರವಾನಗಿ ಕೊಡುತ್ತಾರೆ.

ಗಮನಿಸಬೇಕಾದ ಅಂಶ ಇಲ್ಲಿದೆ. ಮಗು ಕ್ಷೇಮವಾಗಿದೆಯೇ ಎಂಬುದು ಒಂದು ಪ್ರಶ್ನೆ. ಈ ಓಣಿಯಲ್ಲಿ ಇದು ಇರಬಹುದೇ ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಬೇಕಾದವರು ಅದನ್ನು ಬಲ್ಲ ಅಧಿಕಾರಿಗಳು. ಅದರಲ್ಲಿ ದಾಕ್ಷಿಣ್ಯ ಕೂಡದು. ಎರಡನೆಯದಕ್ಕೆ ಶಾಸನವೇ ಒಮ್ಮೆಗೆ, ಎಲ್ಲರಿಗೂ ಅನ್ವಯಿಸುವಂತೆ ಉತ್ತರ ಕೊಟ್ಟುಬಿಟ್ಟಿತು. ಎರಡೂ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದಾಗ, ಕಾರು ನಿಲ್ಲಿಸುವ ಜಗಳವೂ ಮಗುವಿನ ಹಿತದ ವೇಷ ಹಾಕಿಕೊಂಡು ಬರುತ್ತಿತ್ತು.

ಇನ್ನು ಈ ಕಥೆ ದೆಹಲಿಗೆ ಬಂದ ಬಗೆ. 1957ರಲ್ಲಿ ದೆಹಲಿ ಅಭಿವೃದ್ಧಿ ಕಾಯಿದೆಯಾಗಿ, ಅದರ ಪ್ರಕಾರ ಡಿ.ಡಿ.ಎ. ಸ್ಥಾಪನೆಯಾಯಿತು. ನಗರಕ್ಕೆ ಮಾಸ್ಟರ್ ಪ್ಲಾನ್ ತಯಾರಿಸಲು ನಮ್ಮ ಯೋಜಕರಿಗೆ ನೆರವಾಗಿ ಫೋರ್ಡ್ ಫೌಂಡೇಷನ್ ಒಂದು ತಂಡವನ್ನು ಕಳಿಸಿತು. ಅದರ ನಾಯಕ ಆಲ್ಬರ್ಟ್ ಮೇಯರ್ ಎಂಬ ಅಮೆರಿಕದ ವಾಸ್ತುಶಿಲ್ಪಿ. ಲ ಕಾರ್ಬುಸಿಯೆ ಬರುವ ಮೊದಲು ಚಂಡೀಗಢಕ್ಕೆ ನಕ್ಷೆ ತಯಾರಿಸಿದ್ದವರೂ ಅವರೇ. 1962ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಮಾಸ್ಟರ್ ಪ್ಲಾನಿನಲ್ಲಿ ದೆಹಲಿಯೂ ಬಣ್ಣಬಣ್ಣದ ವಲಯಗಳಾಗಿ ಹಂಚಿಹೋಯಿತು. ಪ್ಲಾನಿಗೆ ವಿರುದ್ಧವಾಗಿ ಜಮೀನನ್ನಾಗಲಿ ಕಟ್ಟಡವನ್ನಾಗಲಿ ಬಳಸಕೂಡದೆಂದು ಕಾಯಿದೆಯ 14ನೆಯ ಕಲಮು ವಿಧಿಸಿತ್ತು. ಕೆಳಗೆ ಅಂಗಡಿ, ಮೇಲೆ ಮನೆ ಎಂದು ಶತಮಾನಗಳಿಂದ ಬಾಳಿದ ಊರಿಗೆ ಈ ಅಂಗಿ ಬಿಗಿಯಾಗಿಯೇ ಇತ್ತು.

ಬಹುಕಾಲ ನಿಯಮ ಪುಸ್ತಕದಲ್ಲಿಯೂ ಊರು ತನ್ನ ಪಾಡಿಗೂ ಇದ್ದುವು. 2006ರ ಫೆಬ್ರವರಿ 16ರಂದು ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ವಸತಿ ಪ್ರದೇಶದ ಕಟ್ಟಡಗಳಲ್ಲಿ ನಡೆಯುತ್ತಿದ್ದ ವ್ಯಾಪಾರವನ್ನು ನಿಲ್ಲಿಸಲು ಆದೇಶಿಸಿತು. ಆ ವರ್ಷ ಬಾಗಿಲುಗಳಿಗೆ ಬಿದ್ದ ಅರಗಿನ ಮುದ್ರೆಗಳನ್ನು ಇಲ್ಲಿ ನೆಲೆಸಿದವರಾರೂ ಮರೆತಿರಲಾರರು. ಅನಂತರ ಸರ್ಕಾರ ಮಿಶ್ರ ಬಳಕೆಯ ನಿಯಮಗಳನ್ನು ಹೊರಡಿಸಿತು. 2007ರ ಫೆಬ್ರವರಿ 7ರಂದು ಪ್ರಕಟವಾದ 2021ರ ಮಾಸ್ಟರ್ ಪ್ಲಾನಿನಲ್ಲಿ ಅವು ಸೇರಿದುವು.

ಆ ಪ್ಲಾನಿನಲ್ಲಿ ವಸತಿ ನಿವೇಶನದಲ್ಲಿ ನಡೆಸಬಹುದಾದ ಕೆಲಸಗಳು ಮೂರು ಗುಂಪಾಗಿದ್ದುವು. ಚಿಲ್ಲರೆ ಅಂಗಡಿ ಒಂದು. ವೈದ್ಯರು, ವಕೀಲರು ಮುಂತಾದವರ ವೃತ್ತಿ ಎರಡನೆಯದು. ಮೂರನೆಯದು ಇತರ ಚಟುವಟಿಕೆ. ನರ್ಸರಿ, ಮಾಂಟೆಸೊರಿ, ಕ್ರೆಶ್ ಇವೆಲ್ಲ ಸೇರಿದ್ದು ಈ ಮೂರನೆಯ ಗುಂಪಿಗೆ. ಅತಿಥಿಗೃಹ, ಬ್ಯಾಂಕು, ನರ್ಸಿಂಗ್ ಹೋಮುಗಳು ಅದರ ಪಂಕ್ತಿಯವರು. ವಕೀಲರು ತಮ್ಮ ಮನೆಯ ಒಂದು ಭಾಗದಲ್ಲಿ ಕಕ್ಷಿಗಾರರನ್ನು ಕಾಣಲು ರಸ್ತೆಯ ಅಗಲದ ಪ್ರಶ್ನೆಯಿರಲಿಲ್ಲ. ಕ್ರೆಶ್‌ಗೆ ಮಾತ್ರ ಬಡಾವಣೆಯ ದರ್ಜೆಯನ್ನೂ ಬಗೆಯನ್ನೂ ಅನುಸರಿಸಿ 9 ಮೀಟರಿನಿಂದ 18 ಮೀಟರಿನವರೆಗೆ ಅಗಲದ ರಸ್ತೆ ಬೇಕಿತ್ತು. ಅದರ ಮೇಲೆ ನೋಂದಣಿ, ಶುಲ್ಕ. ಐವತ್ತು ಮಕ್ಕಳ ನರ್ಸರಿಗೂ, ಮಧ್ಯಾಹ್ನ ಐದು ಮಕ್ಕಳನ್ನು ಮಲಗಿಸುವ ಮನೆಗೂ ನಡುವೆ ಕ್ಯಾಲಿಫೋರ್ನಿಯ ಎಳೆದಂಥ ಗೆರೆ ಈ ವಿಂಗಡಣೆಯಲ್ಲಿ ಇರಲಿಲ್ಲ.

ದೆಹಲಿಗೆ ಮಕ್ಕಳ ಚಿಂತೆಯಿಲ್ಲವೆಂದು ಇದರ ಅರ್ಥವಲ್ಲ. ಕಟ್ಟಡ ಕಾರ್ಮಿಕರ ಕೂಸುಗಳಿಗಾಗಿ ಮೀರಾ ಮಹಾದೇವನ್ ಅವರು 1969ರಲ್ಲಿ ಮೊಬೈಲ್ ಕ್ರೆಶಸ್ ಸಂಸ್ಥೆಯನ್ನು ಆರಂಭಿಸಿದ್ದು ಇದೇ ಊರಿನಲ್ಲಿ. 1948ರ ಕಾರ್ಖಾನೆ ಕಾಯಿದೆಯಲ್ಲಿಯೂ 2017ರಲ್ಲಿ ತಿದ್ದಿದ ಹೆರಿಗೆ ಸೌಲಭ್ಯದ ಕಾಯಿದೆಯಲ್ಲಿಯೂ ಕೆಲಸದ ಸ್ಥಳದಲ್ಲಿ ಕ್ರೆಶ್ ಇರಬೇಕೆಂಬ ವಿಧಿ ಬಂತು. 2017ರ ತಿದ್ದುಪಡಿ 50 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆಗೆ ಅನ್ವಯಿಸಿತು. ಹೀಗೆ ಕಾರ್ಖಾನೆಯ ಕ್ರೆಶ್, ದೊಡ್ಡ ಕಚೇರಿಯ ಕ್ರೆಶ್ ಕಾನೂನಿನ ಕಣ್ಣಿಗೆ ಬಿದ್ದುವು. ನಮ್ಮಲ್ಲಿ ಬಹಳ ಮಂದಿ ನಿಜವಾಗಿ ಆಶ್ರಯಿಸಿರುವುದು ಎರಡು ಮನೆ ಆಚೆಯ ಹಜಾರವನ್ನು. ಅದಕ್ಕೆ ನಕ್ಷೆಯಲ್ಲಿ ಸುಲಭವಾದ ಸ್ಥಾನ ಸಿಗಲಿಲ್ಲ. ಸರ್ಕಾರಿ ವಸತಿಗೃಹಗಳಲ್ಲಂತೂ ವಾಸಕ್ಕಲ್ಲದೆ ಬೇರೆ ಬಳಕೆಗೆ ಅವಕಾಶವೇ ಇಲ್ಲವೆಂಬುದು ಹಂಚಿಕೆಯ ಪತ್ರ ಓದಿದವರಿಗೆಲ್ಲ ಗೊತ್ತಿದೆ.

ಇದರಿಂದ ನಷ್ಟ ಯಾರಿಗೆ? ಮೊದಲನೆಯದಾಗಿ ಆ ಗೃಹಿಣಿಗೆ. ಆಕೆ ಬೋರ್ಡು ಹಾಕಲಾರಳು, ಸಾಲ ಕೇಳಲಾರಳು. ಒಬ್ಬ ನೆರೆಯವರ ದೂರಿಗೆ ಅಂಜಿ ದನಿ ತಗ್ಗಿಸಿ ಬದುಕಬೇಕು. ಎರಡನೆಯದಾಗಿ ಮಗುವಿಗೆ. ಕಾನೂನಿನ ಲೆಕ್ಕದಲ್ಲಿ ಇಲ್ಲದ ಶಿಶುವಿಹಾರಕ್ಕೆ ತಪಾಸಣೆ ಮಾಡಲು ಯಾರೂ ಬರುವುದಿಲ್ಲ. ಬಾಲ್ಕನಿಯ ಕಂಬಿಗಳ ನಡುವಿನ ಅಂತರ ಎಷ್ಟು, ಗ್ಯಾಸ್ ಸಿಲಿಂಡರ್ ಎಲ್ಲಿದೆ, ಮನೆಯಲ್ಲಿ ಇನ್ನಾರಿದ್ದಾರೆ ಎಂದು ಕೇಳುವವರಿಲ್ಲ. ಓಣಿಯ ಪ್ರಶ್ನೆಗೆ ಹೆದರಿ ಕ್ಷೇಮದ ಪ್ರಶ್ನೆಯೂ ಕತ್ತಲೆಯಲ್ಲಿ ಉಳಿದುಬಿಡುತ್ತದೆ.

ಕ್ಯಾಲಿಫೋರ್ನಿಯದ ವಿಶಾಲವಾದ ಓಣಿಗಳ ಕಾನೂನನ್ನು ಕರೋಲ್‌ಬಾಗಿನ ಗಲ್ಲಿಗೆ ಹಾಗೆಯೇ ತಂದು ಹೊಂದಿಸಲಾಗದು. ಅಗ್ನಿಶಾಮಕದ ಬಂಡಿ ಒಳಬರಲಾಗದ ಗಲ್ಲಿಯಲ್ಲಿ ಹದಿನಾಲ್ಕು ಮಕ್ಕಳನ್ನು ಮೂರನೆಯ ಮಹಡಿಯಲ್ಲಿ ಇರಿಸುವುದನ್ನು ಯಾರೂ ಒಪ್ಪಲಾರರು. ರಸ್ತೆಯ ಅಗಲ ಕೇಳಿದವರ ಮನಸ್ಸಿನಲ್ಲಿ ಈ ಭಯವೂ ಇದ್ದೀತು. ಆದರೆ ಆರು ಮಕ್ಕಳಿರುವ ಮನೆ ಮನೆಯೇ ಎಂದು ಒಪ್ಪಿಕೊಳ್ಳಲು ವಿಶಾಲವಾದ ಓಣಿ ಬೇಕಾಗಿಲ್ಲ. ಒಂದು ಕಾಲಕ್ಕೆ ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಅದಕ್ಕಿಂತ ಹೆಚ್ಚು ಮಕ್ಕಳು ಒಂದೇ ಸೂರಿನಡಿ ಬೆಳೆಯುತ್ತಿದ್ದರು. ಅದನ್ನು ಯಾರೂ ವ್ಯಾಪಾರವೆಂದು ಕರೆಯಲಿಲ್ಲ.

ನಗರಗಳ ಮಾಸ್ಟರ್ ಪ್ಲಾನುಗಳನ್ನು ತಿದ್ದುವ ಮೊದಲು ಕರಡನ್ನು ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆಗಳನ್ನು ಆಹ್ವಾನಿಸುವುದು ವಾಡಿಕೆ. ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು ಕಚೇರಿಗೆ ಓಡುವವರಿಗೆ ಅದನ್ನು ಓದಲು ಪುರಸೊತ್ತಿರುವುದಿಲ್ಲ. ಮಕ್ಕಳು ದೊಡ್ಡವರಾಗಿ ಪುರಸೊತ್ತು ಬಂದವರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬಾಣಂತನಕ್ಕೆ ಹೋಗಿ ಅಲ್ಲಿನ ಪದ್ಧತಿಯನ್ನು ಕಣ್ಣಾರೆ ಕಂಡುಬಂದವರೂ ಅವರಲ್ಲಿದ್ದಾರೆ. ಮುಂದಿನ ಸಲ ಅಂಥ ಪ್ರಕಟಣೆ ಬಂದಾಗ ಒಂದು ಪುಟದ ಸಲಹೆಯನ್ನು ಬರೆದು ಕಳಿಸಲು ಅಂಚೆವೆಚ್ಚ ಹೆಚ್ಚಾಗದು.